ಎಂಟರಲ್ಲಿ ಒಂದು ಬೆಳಕು ಬಿದ್ದಾಗ: ಸಿಡಬ್ಲ್ಯುಡಿಎಂ ಲಿಂಕ್‌ನಲ್ಲಿ ದೋಷ ಹುಡುಕುವ ಬಗೆ

ರಾತ್ರಿ ಹನ್ನೊಂದೂವರೆಗೆ ಮಧುಗಿರಿಯಿಂದ ಫೋನ್ ಬಂತು. "ಅಣ್ಣ, ಹದಿನಾರು ಹನ್ನೊಂದು ಮತ್ತೆ ಬಿತ್ತು. ಮಿಕ್ಕಿದ್ದೆಲ್ಲ ಚೆನ್ನಾಗಿದೆ." ಹದಿನಾರು ಹನ್ನೊಂದು ಅಂದರೆ 1611 ನ್ಯಾನೋಮೀಟರ್ ಚಾನೆಲ್. ತುಮಕೂರಿನಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಹೋಗುವ ನಮ್ಮ ಸಿಡಬ್ಲ್ಯುಡಿಎಂ ಲಿಂಕ್‌ನಲ್ಲಿ, ಅಂದರೆ ಒಂದೇ ಗಾಜಿನ ಎಳೆಯಲ್ಲಿ (ಫೈಬರ್) ಬೇರೆ ಬೇರೆ ತರಂಗಾಂತರದ ಹಲವು ಬೆಳಕು ಕಳಿಸುವ ಸಂಪರ್ಕದಲ್ಲಿ, ಇಂಥ ಎಂಟು ಚಾನೆಲ್ ಇವೆ. ಆ ವಾರದಲ್ಲಿ ಇದು ಮೂರನೇ ಸಲ. ಅಷ್ಟರಲ್ಲಿ ಎರಡು ಸಲ ಎಸ್‌ಎಫ್‌ಪಿ (ಸ್ವಿಚ್‌ಗೆ ಸಿಕ್ಕಿಸುವ, ಬೆಳಕು ಕಳಿಸಿ ಓದುವ ಚಿಕ್ಕ ಘಟಕ) ಬದಲಿಸಿದ್ದಾಗಿತ್ತು. ಪ್ರತಿ ಸಲವೂ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಚಾನೆಲ್ ಎದ್ದು ನಿಲ್ಲುತ್ತಿತ್ತು. ಹೊಸ ಎಸ್‌ಎಫ್‌ಪಿಯಿಂದಲೇ ಸರಿಹೋಯಿತು ಅಂದುಕೊಂಡು ಎಲ್ಲರೂ ಮನೆಗೆ ಹೋಗುತ್ತಿದ್ದೆವು.

ಇಂಥದ್ದೇ ಲಿಂಕ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಫೈಬರ್‌ನಲ್ಲಿ ಹಲವು ಬೆಳಕು ಹೋಗುವಾಗ, ಬಿದ್ದ ಚಾನೆಲ್ಲನ್ನೇ ದಿಟ್ಟಿಸುತ್ತಾ ಕೂರಬೇಡಿ. ನಿಂತಿರುವ ಚಾನೆಲ್‌ಗಳು ಹೇಗಿವೆ ಅಂತ ಮೊದಲು ನೋಡಿ. ದೋಷ ಎಲ್ಲಿದೆ ಅಂತ ಹೇಳುವುದು ಅವೇ.

ಲಿಂಕ್‌ನ ಒಳಗೆ ಏನಿದೆ

ನಮ್ಮ ಲಿಂಕ್‌ನಲ್ಲಿ ಎರಡು ಫೈಬರ್. ಒಂದರಲ್ಲಿ ಬೆಳಕು ತುಮಕೂರಿನಿಂದ ಮಧುಗಿರಿಗೆ ಹೋಗುತ್ತದೆ, ಇನ್ನೊಂದರಲ್ಲಿ ಮಧುಗಿರಿಯಿಂದ ಬರುತ್ತದೆ. ಎರಡೂ ತುದಿಯಲ್ಲಿ ಒಂದೊಂದು ಮಕ್ಸ್. ಎಂಟು ಎಸ್‌ಎಫ್‌ಪಿಗಳಿಂದ ಬರುವ ಎಂಟು ಬೇರೆ ಬೇರೆ ತರಂಗಾಂತರದ ಬೆಳಕನ್ನು ಮಕ್ಸ್ ಸೇರಿಸಿ ಒಂದೇ ಫೈಬರ್‌ಗೆ ಇಳಿಸುತ್ತದೆ. ಆ ತುದಿಯ ಮಕ್ಸ್ ಅದನ್ನು ಮತ್ತೆ ಎಂಟಾಗಿ ಬಿಡಿಸುತ್ತದೆ. ಇದಕ್ಕೆ ಕರೆಂಟ್ ಬೇಡ. ಒಳಗಿರುವುದು ಬರೀ ಫಿಲ್ಟರ್‌ಗಳು. ಹಾಗಾಗಿ ಮಕ್ಸ್ ಕೆಡುವುದು ಅಪರೂಪ, ಅದರ ಬಾಯಿಗೆ ಸೇರುವ ಕನೆಕ್ಟರ್ ಕೆಡುವುದೇ ಜಾಸ್ತಿ.

ಸಿಡಬ್ಲ್ಯುಡಿಎಂನಲ್ಲಿ ಒಂದು ಚಾನೆಲ್‌ಗೂ ಇನ್ನೊಂದಕ್ಕೂ 20 ನ್ಯಾನೋಮೀಟರ್ ಅಂತರ. ಐಟಿಯು-ಟಿ ಜಿ.694.2 ಮಾನದಂಡದಲ್ಲಿ 1271ರಿಂದ 1611ರವರೆಗೆ ಒಟ್ಟು 18 ಚಾನೆಲ್ ಇವೆ. ನಾವು ಬಳಸುವುದು ಮೇಲಿನ ಎಂಟು: 1471, 1491, 1511, 1531, 1551, 1571, 1591, 1611. ಇಷ್ಟು ಅಗಲವಾದ ಅಂತರ ಯಾಕೆ ಅಂದರೆ, ಈ ಎಸ್‌ಎಫ್‌ಪಿಗಳ ಲೇಸರ್‌ಗೆ ತಂಪು ಮಾಡುವ ವ್ಯವಸ್ಥೆ ಇಲ್ಲ. ಒಂದು ಡಿಗ್ರಿ ಶಾಖ ಏರಿದರೆ ಅದರ ಬಣ್ಣ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ. ಸರಿಯಲಿ ಅಂತಲೇ ಜಾಗ ಬಿಟ್ಟಿದ್ದಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಣ್ಣ ಅಂದೆ, ಆದರೆ ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಕಣ್ಣಿಗೆ ಏಟು ಮಾಡಬಲ್ಲದು. ಟೀವಿ ರಿಮೋಟಿನ ಬೆಳಕನ್ನು ಫೋನ್ ಕ್ಯಾಮೆರಾದಲ್ಲಿ ನೋಡುತ್ತೇವಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಫೋನ್ ಕ್ಯಾಮೆರಾದ ಸೆನ್ಸರ್‌ಗೆ 1100 ನ್ಯಾನೋಮೀಟರ್ ದಾಟಿದರೆ ಏನೂ ಕಾಣದು. "ಕ್ಯಾಮೆರಾದಲ್ಲಿ ಬೆಳಕಿಲ್ಲ, ಲೇಸರ್ ಸತ್ತಿದೆ" ಅಂತ ಕನೆಕ್ಟರನ್ನು ಕಣ್ಣಿನ ಹತ್ತಿರ ಹಿಡಿದ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಎಂಟೂ ಚಾನೆಲ್‌ಗಳ ಪವರ್ ಬರೆದುಕೊಳ್ಳಿ

ದೋಷ ಬಂದ ಕೂಡಲೇ ಮಾಡಬೇಕಾದ ಕೆಲಸ ಇದು. ಎರಡೂ ತುದಿಯ ಸ್ವಿಚ್‌ಗೆ ಲಾಗಿನ್ ಆಗಿ ಎಂಟೂ ಎಸ್‌ಎಫ್‌ಪಿಗಳ ಟ್ರಾನ್ಸ್‌ಮಿಟ್ ಪವರ್, ರಿಸೀವ್ ಪವರ್, ಉಷ್ಣತೆ ನೋಡಿ. ಬಿದ್ದದ್ದನ್ನು ಮಾತ್ರ ಅಲ್ಲ, ಎಂಟನ್ನೂ. ಲಿಂಕ್ ಹಾಕಿದ ದಿನ ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಇವನ್ನು ಬರೆಯಿರಿ. 3 ಡಿಬಿ (ಡೆಸಿಬೆಲ್) ಇಳಿದಿದ್ದರೆ ಬೆಳಕು ಅರ್ಧಕ್ಕೆ ಬಂದಿದೆ, 10 ಡಿಬಿ ಇಳಿದಿದ್ದರೆ ಹತ್ತರಲ್ಲಿ ಒಂದು ಪಾಲಿಗೆ ಬಂದಿದೆ.

ಹಳೆಯ ಅಂಕಿ ಯಾಕೆ ಬೇಕು ಅಂದರೆ, ಎಸ್‌ಎಫ್‌ಪಿ ತೋರಿಸುವ ರಿಸೀವ್ ಪವರ್ ಅಷ್ಟು ಕರಾರುವಾಕ್ಕಲ್ಲ. ಒಂದು ಎಸ್‌ಎಫ್‌ಪಿಗೂ ಇನ್ನೊಂದಕ್ಕೂ ಎರಡು ಮೂರು ಡಿಬಿ ವ್ಯತ್ಯಾಸ ಇರಬಹುದು. ಆದರೆ ಅದೇ ಎಸ್‌ಎಫ್‌ಪಿಯ ನಿನ್ನೆಯ ಅಂಕಿ, ಇವತ್ತಿನ ಅಂಕಿ ಹೋಲಿಸಿದರೆ ನಂಬಬಹುದು. ಅದಕ್ಕೇ ಅವಸರದಲ್ಲಿ ಎಸ್‌ಎಫ್‌ಪಿ ಬದಲಿಸಬೇಡಿ ಅನ್ನುವುದು. ಬದಲಿಸಿದ ಕೂಡಲೇ ಹೋಲಿಸಲು ಇದ್ದ ಹಳೆಯ ಅಂಕಿ ಕೈತಪ್ಪುತ್ತದೆ. ನಮ್ಮ 1611ರಲ್ಲಿ ಆದದ್ದೂ ಇದೇ.

ಪವರ್ ಮೀಟರನ್ನು ಮಕ್ಸ್‌ನ ಲೈನ್ ಪೋರ್ಟ್‌ಗೆ (ಎಂಟೂ ಬೆಳಕು ಒಟ್ಟಾಗಿ ಹಾಯುವ ಬಾಯಿ) ಹಾಕಿ "ಪವರ್ ಇದೆ, ಫೈಬರ್ ಸರಿಯಾಗಿದೆ" ಅನ್ನುವವರಿದ್ದಾರೆ. ಸಾಮಾನ್ಯ ಮೀಟರ್‌ಗೆ ಬಣ್ಣ ಗೊತ್ತಾಗುವುದಿಲ್ಲ. ಎಂಟನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಎಂಟೂ ಸಮವಾಗಿದ್ದು ಅದರಲ್ಲಿ ಒಂದು ಪೂರ್ತಿ ಸತ್ತರೂ ಮೀಟರ್ ಇಳಿಯುವುದು ಸುಮಾರು 0.6 ಡಿಬಿ ಮಾತ್ರ. ಕನೆಕ್ಟರ್ ತೆಗೆದು ಹಾಕಿದರೇ ಅಷ್ಟು ಆಚೀಚೆ ಆಗುತ್ತದೆ. ಚಾನೆಲ್ ಬಿಡಿಸಿ ತೋರಿಸುವ ಸಿಡಬ್ಲ್ಯುಡಿಎಂ ಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಮಕ್ಸ್ ದಾಟಿದ ಮೇಲೆ, ಆಯಾ ಚಾನೆಲ್ ಪೋರ್ಟ್‌ನಲ್ಲೇ ಅಳೆಯಬೇಕು.

ಎಷ್ಟು ಬರಬೇಕು ಅನ್ನುವ ಲೆಕ್ಕವೂ ಕೈಯಲ್ಲಿರಲಿ. ನಮ್ಮಲ್ಲಿ ಫೈಬರ್ ಉದ್ದ 46 ಕಿಲೋಮೀಟರ್. ಕಿಲೋಮೀಟರಿಗೆ 0.22ರಂತೆ ಸುಮಾರು 10 ಡಿಬಿ ನಷ್ಟ. ಜಾಯಿಂಟ್‌ಗಳಿಗೆ ಒಟ್ಟು 1.2, ಎರಡು ಮಕ್ಸ್‌ಗೆ 4, ಕನೆಕ್ಟರ್‌ಗಳಿಗೆ 1.6. ಎಲ್ಲ ಸೇರಿ 17. ಕಳಿಸುವುದು ಪ್ಲಸ್ 1 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಡಿಬಿ) ಆದರೆ ತಲುಪುವುದು ಮೈನಸ್ 16ರ ಆಸುಪಾಸು. ನಮ್ಮ ಎಸ್‌ಎಫ್‌ಪಿ ಮೈನಸ್ 23ರ ತನಕ ಓದಬಲ್ಲದು. ಅಂದರೆ 7 ಡಿಬಿ ಕೈಯಲ್ಲಿ ಉಳಿದಿರುತ್ತದೆ.

ಯಾವ ಆಕಾರದಲ್ಲಿ ಬಿದ್ದಿದೆ

ಈಗ ಎಂಟು ಅಂಕಿಗಳನ್ನು ಸಾಲಾಗಿ ನೋಡಿ. ನನ್ನ ಅನುಭವದಲ್ಲಿ ಆ ಸಾಲಿನ ಆಕಾರವೇ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಎಂಟೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ದೋಷ ಎಲ್ಲರೂ ಹೋಗುವ ದಾರಿಯಲ್ಲಿದೆ. ಮಕ್ಸ್‌ನ ಲೈನ್ ಪೋರ್ಟ್, ಅಲ್ಲಿಂದ ಫ್ರೇಮ್‌ಗೆ (ಹೊರಗಿನ ಕೇಬಲ್ ಬಂದು ಸೇರುವ ಚೌಕಟ್ಟು) ಹೋಗುವ ಪ್ಯಾಚ್ ಕಾರ್ಡ್ (ಜೋಡಿಸುವ ತುಂಡು ಫೈಬರ್), ಅಥವಾ ದಾರಿಯಲ್ಲಿ ಕೆಟ್ಟ ಜಾಯಿಂಟ್. ಮೊದಲು ಕನೆಕ್ಟರ್ ಶುಚಿ ಮಾಡಿ. ಬೆಳಕು ಹೋಗುವ ತಿರುಳು ಸುಮಾರು 9 ಮೈಕ್ರಾನ್. ತಲೆಕೂದಲು ಅದರ ಏಳೆಂಟು ಪಟ್ಟು ದಪ್ಪ. ಕಣ್ಣಿಗೆ ಕಾಣದ ದೂಳಿನ ಕಣವೂ ಅಲ್ಲಿ ಬಂಡೆಯ ಹಾಗೆ ಅಡ್ಡ ಕೂರುತ್ತದೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಕೂರುತ್ತದೆ. ಅಂಗಿಯ ತುದಿಯಲ್ಲಿ ಒರೆಸಬೇಡಿ. ಕ್ಲೀನರ್ ಪೆನ್ ಬಳಸಿ, ಸ್ಕೋಪ್‌ನಲ್ಲಿ ನೋಡಿ, ಆಮೇಲೆ ಹಾಕಿ. ಹಸಿರು ಕನೆಕ್ಟರನ್ನು ನೀಲಿ ಕಪ್ಲರ್‌ಗೆ ಯಾರಾದರೂ ಹಾಕಿದ್ದಾರಾ ಅಂತಲೂ ನೋಡಿ. ಹಸಿರಿನ ಮುಖ 8 ಡಿಗ್ರಿ ಓರೆ ಇರುತ್ತದೆ, ನೀಲಿಯದು ನೇರ. ಎರಡೂ ಒಂದಕ್ಕೊಂದು ಕೂಡುವುದಿಲ್ಲ, ಕೆಲವು ಡಿಬಿ ಅಲ್ಲೇ ಹೋಗುತ್ತದೆ.

ಒಂದೇ ಒಂದು ಬಿದ್ದು, ಅಕ್ಕಪಕ್ಕದವು ಒಂದಿಷ್ಟೂ ಅಲುಗಾಡದೆ ಇದ್ದರೆ ದೋಷ ಆ ಚಾನೆಲ್‌ನ ಸ್ವಂತದ್ದು. ಅದರ ಎಸ್‌ಎಫ್‌ಪಿ, ಅದರ ಪ್ಯಾಚ್ ಕಾರ್ಡ್, ಮಕ್ಸ್‌ನಲ್ಲಿ ಅದರ ಪೋರ್ಟ್. ಹೊಸದಾಗಿ ಎಸ್‌ಎಫ್‌ಪಿ ಹಾಕಿದ ಮೇಲೆ ಹೀಗಾದರೆ ಬಣ್ಣ ತಪ್ಪಿರುವ ಸಾಧ್ಯತೆ ದೊಡ್ಡದು. ಇದರ ಗುರುತು ಸ್ವಲ್ಪ ವಿಚಿತ್ರ. ಎಸ್‌ಎಫ್‌ಪಿ ಕಳಿಸುವುದು ಒಂದೇ ಬಣ್ಣ, ಆದರೆ ಯಾವ ಬಣ್ಣ ಬಂದರೂ ಓದುತ್ತದೆ. ಹಾಗಾಗಿ 1531ರ ಪೋರ್ಟ್‌ಗೆ 1551ರ ಎಸ್‌ಎಫ್‌ಪಿ ಸೇರಿಸಿದರೆ ನಿಮ್ಮ ಕಡೆ ರಿಸೀವ್ ಪವರ್ ಚೆನ್ನಾಗೇ ಕಾಣುತ್ತದೆ. ಆ ತುದಿಯಲ್ಲಿ ಮಾತ್ರ ಕತ್ತಲೆ. ಈ ಕಡೆಯ ಹುಡುಗ "ನನ್ನ ಕಡೆ ಸರಿ ಇದೆ" ಅನ್ನುತ್ತಾನೆ, ಆ ಕಡೆಯವನು "ನನಗೆ ಏನೂ ಬರ್ತಿಲ್ಲ" ಅನ್ನುತ್ತಾನೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಎಸ್‌ಎಫ್‌ಪಿಯ ಲೇಬಲ್ ಓದಿ, ಅಷ್ಟೇ.

ಹಳೆಯ ಕೇಬಲ್‌ನಲ್ಲಿ ಎಂಟರಿಂದ ಹದಿನೆಂಟಕ್ಕೆ ಏರಿಸಿದಾಗ 1391 ಮತ್ತು ಅದರ ಪಕ್ಕದವು ಮಾತ್ರ ಮೊದಲ ದಿನದಿಂದಲೇ ಸೊರಗಿದ್ದರೆ, ಅದು ದೋಷವೇ ಅಲ್ಲ, ಗಾಜಿನ ಗುಣ. ಹಳೆಯ ಫೈಬರ್‌ನಲ್ಲಿ ತಯಾರಾಗುವಾಗಲೇ ಉಳಿದ ನೀರಿನ ಅಂಶ 1383ರ ಸುತ್ತ ಬೆಳಕನ್ನು ಹೀರುತ್ತದೆ. ಜಿ.652ಡಿ ಫೈಬರ್‌ನಲ್ಲಿ ಇದನ್ನು ಸರಿಪಡಿಸಿದ್ದಾರೆ. ಹಳೆಯದಾದರೆ ಆ ಚಾನೆಲ್‌ಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನು ನಾಲ್ಕನೆಯ ಆಕಾರ. ಉದ್ದದ ತರಂಗಾಂತರದ ಕಡೆಗೆ ಹೋದಂತೆ ಇಳಿಜಾರು. ಮಧುಗಿರಿಯಲ್ಲಿ ಆ ರಾತ್ರಿ ನಾವು ಕಂಡದ್ದು ಇದು.

ಮಧುಗಿರಿಯ ಎಂಟು ಅಂಕಿಗಳು

ಹುಡುಗನಿಗೆ ಫೋನ್‌ನಲ್ಲೇ ಹೇಳಿದೆ: "ಎಸ್‌ಎಫ್‌ಪಿ ಮುಟ್ಟಬೇಡ ಕಣೋ. ಎಂಟೂ ಓದು, ಬರ್ಕೋತೀನಿ." ಹಾಕಿದ ದಿನಕ್ಕಿಂತ ಎಷ್ಟು ಇಳಿದಿದೆ ಅಂತ ಲೆಕ್ಕ ಹಾಕಿದಾಗ ಸಾಲು ಹೀಗೆ ಬಂತು: 1471ರಲ್ಲಿ 0.9 ಡಿಬಿ, 1491ರಲ್ಲಿ 1.3, 1511ರಲ್ಲಿ 1.8, 1531ರಲ್ಲಿ 2.5, 1551ರಲ್ಲಿ 3.4, 1571ರಲ್ಲಿ 4.5, 1591ರಲ್ಲಿ 5.9. ಹೊಸ ಎಸ್‌ಎಫ್‌ಪಿ ಹಾಕಿದ್ದರಿಂದ 1611ರ ಅಂಕಿಯನ್ನು ಪೂರ್ತಿ ನಂಬುವ ಹಾಗಿರಲಿಲ್ಲ, ಆದರೂ ಏಳೂವರೆಯ ಹತ್ತಿರ.

ನೋಡಿ, ಯಾವುದೂ "ಚೆನ್ನಾಗಿ" ಇರಲಿಲ್ಲ. ಎಂಟೂ ಬೀಳುತ್ತಿದ್ದವು. 7 ಡಿಬಿಯ ಗಡಿ ದಾಟಿದ್ದು 1611 ಒಂದೇ, ಅದಕ್ಕೇ ಅಲಾರಂ ಬಂದದ್ದು ಅದಕ್ಕೆ ಮಾತ್ರ. 1591 ಇನ್ನೊಂದು ಡಿಬಿ ದೂರದಲ್ಲಿತ್ತು.

ಈ ಇಳಿಜಾರು ಬಂದರೆ ಫೈಬರ್ ಎಲ್ಲೋ ಬಾಗಿದೆ ಅಂತ ತಿಳಿಯಿರಿ. ಮುರಿದಿಲ್ಲ, ಬಾಗಿದೆ. ಉದ್ದದ ತರಂಗಾಂತರದ ಬೆಳಕು ತಿರುಳಿನಲ್ಲಿ ಅಷ್ಟು ಬಿಗಿಯಾಗಿ ಕೂರುವುದಿಲ್ಲ, ಸ್ವಲ್ಪ ಹೊರಗೆ ಚಾಚಿಕೊಂಡೇ ಸಾಗುತ್ತದೆ. ತಿರುವು ಕಿರಿದಾದರೆ ಮೊದಲು ಹೊರಗೆ ಸೋರುವುದು ಅದೇ. ಗಾಡಿ ತುಂಬ ಹುಲ್ಲು ಹೇರಿಕೊಂಡು ಕಿರಿದಾದ ಓಣಿಯಲ್ಲಿ ತಿರುಗಿದರೆ ಹೊರಗೆ ಚಾಚಿದ ಹುಲ್ಲು ಗೋಡೆಗೆ ಉಜ್ಜಿ ಉದುರುತ್ತದಲ್ಲ, ಹಾಗೆ. 1310ರಲ್ಲಿ ಅಳೆದರೆ ಏನೂ ಗೊತ್ತಾಗದೇ ಇರಬಹುದು. ಕೊಳೆಯಾದ ಕನೆಕ್ಟರ್ ಆಗಿದ್ದರೆ ಎಂಟೂ ಹೆಚ್ಚು ಕಡಿಮೆ ಸಮನಾಗಿ ಇಳಿಯಬೇಕಿತ್ತು.

ಇನ್ನೊಂದು ಗುರುತೂ ಇತ್ತು. ಪೋರ್ಟ್ ಎರಡೂ ಕಡೆ ಡೌನ್ ಅಂತ ತೋರಿಸುತ್ತಿತ್ತು, ಆದರೆ ತುಮಕೂರಿನಲ್ಲಿ ಎಂಟೂ ರಿಸೀವ್ ಪವರ್ ಹಳೆಯ ಅಂಕಿಗೆ ಸರಿಯಾಗಿದ್ದವು. ಅಂದರೆ ಎರಡು ಫೈಬರ್‌ಗಳಲ್ಲಿ ಮಧುಗಿರಿಗೆ ಹೋಗುವುದೊಂದೇ ಬಾಗಿದೆ. ಇಡೀ ಕೇಬಲ್ ಮಡಚಿಕೊಂಡಿದ್ದರೆ ಎರಡೂ ಏಟು ತಿನ್ನಬೇಕಿತ್ತು, ಅಲ್ವಾ? ಒಂದೇ ಫೈಬರ್ ಬಾಗುವ ಜಾಗ ಅಂದರೆ ಕ್ಲೋಷರ್ (ಜಾಯಿಂಟ್‌ಗಳನ್ನು ಮುಚ್ಚಿಡುವ ಪೆಟ್ಟಿಗೆ) ಒಳಗಿನ ಟ್ರೇ, ಇಲ್ಲವೇ ತುದಿಯ ಫ್ರೇಮ್. ಫ್ರೇಮ್ ಎರಡನ್ನೂ ಅದೇ ರಾತ್ರಿ ನೋಡಿದೆವು, ಸರಿಯಾಗಿದ್ದವು.

ಓಟಿಡಿಆರ್ ಹಾಕುವಾಗ

ಓಟಿಡಿಆರ್ ಅಂದರೆ ಫೈಬರ್‌ಗೆ ಬೆಳಕಿನ ಪಲ್ಸ್ ಬಿಟ್ಟು, ಹಿಂದಿರುಗುವ ಬೆಳಕಿನಿಂದ ನಷ್ಟ ಎಷ್ಟು ದೂರದಲ್ಲಿದೆ ಅಂತ ತೋರಿಸುವ ಯಂತ್ರ. ಮಕ್ಸ್ ಇರುವ ಲಿಂಕ್‌ನಲ್ಲಿ ಅದನ್ನು ಸುಮ್ನೆ ಚಾನೆಲ್ ಪೋರ್ಟ್‌ಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. 1310ರ ಪಲ್ಸನ್ನು 1471ರ ಫಿಲ್ಟರ್ ಒಳಗೇ ಬಿಡುವುದಿಲ್ಲ. ಕೆಂಪು ಲೈಟ್ ಪೆನ್ನೂ ಅಷ್ಟೇ, ಮಕ್ಸ್ ಆಚೆ ಬಂದೇ ಬರುತ್ತದೆ ಅನ್ನುವಂತಿಲ್ಲ. ಸಿಡಬ್ಲ್ಯುಡಿಎಂ ಓಟಿಡಿಆರ್ ಇಲ್ಲದಿದ್ದರೆ ಮಕ್ಸ್ ಬಿಚ್ಚಿ ನೇರ ಲೈನ್ ಫೈಬರ್‌ಗೇ ಹಾಕಬೇಕು. ಅಂದರೆ ಎಂಟೂ ಚಾನೆಲ್ ನಿಲ್ಲುತ್ತವೆ. ಅನುಮತಿ ತೆಗೆದುಕೊಂಡು ಟ್ರಾಫಿಕ್ ಕಮ್ಮಿ ಇರುವ ಹೊತ್ತು ನೋಡಿ. ಆ ತುದಿಯಲ್ಲೂ ಮಕ್ಸ್ ಬಿಚ್ಚಿಸಿ. ಓಟಿಡಿಆರ್ ಪಲ್ಸ್ ಎಸ್‌ಎಫ್‌ಪಿಯ ರಿಸೀವರನ್ನು ಸುಡಬಹುದು, ಎಸ್‌ಎಫ್‌ಪಿಯ ಬೆಳಕು ಓಟಿಡಿಆರನ್ನು ಕೆಡಿಸಬಹುದು.

ಮಾರನೇ ರಾತ್ರಿ ಒಂದು ಗಂಟೆಗೆ ತುಮಕೂರಿನಿಂದ ಮೂರು ತರಂಗಾಂತರದಲ್ಲಿ ಟ್ರೇಸ್ (ದೂರ ಹೋದಂತೆ ಬೆಳಕು ಇಳಿಯುವುದನ್ನು ತೋರಿಸುವ ಗೆರೆ) ತೆಗೆದೆವು. 29.1 ಕಿಲೋಮೀಟರ್‌ನಲ್ಲಿ ಒಂದು ಮೆಟ್ಟಿಲು, ಅಂದರೆ ಗೆರೆ ಒಮ್ಮೆಲೇ ಇಳಿದ ಜಾಗ. 1310ರಲ್ಲಿ ಅದು 0.1 ಡಿಬಿ, ಗಮನಿಸದೆ ದಾಟಿಬಿಡುವಷ್ಟು. 1550ರಲ್ಲಿ 3.3. 1625ರಲ್ಲಿ 9ರ ಹತ್ತಿರ. ಒಂದೇ ಜಾಗ, ಮೂರು ಅಳತೆ. ಬಾಗಿದ್ದೇ ಅಂತ ಇನ್ನು ಅನುಮಾನ ಉಳಿಯಲಿಲ್ಲ. ಬರೀ 1310ರಲ್ಲಿ ಟ್ರೇಸ್ ತೆಗೆದು "ಲೈನ್ ಕ್ಲೀನ್ ಇದೆ" ಅಂತ ರಿಪೋರ್ಟ್ ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

29.1 ಅಂದ ಮಾತ್ರಕ್ಕೆ ಗಾಡಿಯ ಮೀಟರಿನಲ್ಲಿ 29.1 ಬಂದ ಕಡೆ ಅಗೆಯಬೇಡಿ. ಓಟಿಡಿಆರ್ ಅಳೆಯುವುದು ಗಾಜಿನ ಉದ್ದ. ಟ್ಯೂಬಿನೊಳಗೆ ಫೈಬರ್ ಸ್ವಲ್ಪ ಸಡಿಲವಾಗಿರುತ್ತದೆ, ಟ್ಯೂಬ್‌ಗಳು ಹುರಿಯ ಹಾಗೆ ಸುತ್ತಿರುತ್ತವೆ, ಪ್ರತಿ ಚೇಂಬರಿನಲ್ಲೂ ಹತ್ತು ಹದಿನೈದು ಮೀಟರ್ ಕೇಬಲ್ ಸುತ್ತಿಟ್ಟಿರುತ್ತೇವೆ. ವಕ್ರೀಭವನ ಸೂಚ್ಯಂಕ 1.468 ಅಂತ ಸರಿಯಾಗಿ ಇಟ್ಟಿದ್ದರೂ ನೆಲದ ಮೇಲಿನ ದೂರಕ್ಕೆ ಅದು ಕೂಡುವುದಿಲ್ಲ. ಹಾಕಿದ ದಿನದ ಟ್ರೇಸ್ ಮೇಲೆ ಇವತ್ತಿನದನ್ನು ಇಟ್ಟು ನೋಡುವುದೇ ಸರಿಯಾದ ದಾರಿ. ನಮ್ಮ ಮೆಟ್ಟಿಲು ಹಳೆಯ ಟ್ರೇಸ್‌ನ 14ನೇ ಜಾಯಿಂಟ್ ಮೇಲೆ ಸರಿಯಾಗಿ ಕೂತಿತು. ಜಾಯಿಂಟ್ ಮೇಲೆ ಕೂತರೆ ಕ್ಲೋಷರ್ ತೆರೆಯಿರಿ. ಎರಡು ಜಾಯಿಂಟ್ ನಡುವೆ ಬಿದ್ದರೆ ಕೇಬಲ್ಲೇ ಎಲ್ಲೋ ನಲುಗಿದೆ, ಆಗ ದಾರಿ ಹಿಡಿದು ನಡೆಯಬೇಕು.

ಹದಿನಾಲ್ಕನೇ ಜಾಯಿಂಟ್

ಕೊರಟಗೆರೆ ದಾಟಿದ ಮೇಲೆ ರಸ್ತೆ ಬದಿಯ ಒಂದು ಹುಣಸೆಮರದ ಹತ್ತಿರ ಆ ಚೇಂಬರ್. ಬೆಳಗ್ಗೆ ಹೋಗಿ ಜಾಗ ನೋಡಿಕೊಂಡೆವು. ಪಕ್ಕದ ಹೊಲದ ಯಜಮಾನರು ಬಂದು ಕೇಳಿದರು, "ಏನ್ರಪ್ಪಾ, ಪೈಪ್ ಒಡೆದೋಯ್ತಾ? ಹೋದ ವಾರ ನೀರು ನಿಲ್ಲುತ್ತೆ ಅಂತ ಜೆಸಿಬಿ ತರಿಸಿ ಮೋರಿ ತೋಡಿದ್ರು. ಪೈಪ್ ಮೇಲಕ್ಕೆ ಬಂತು. ಆಮೇಲೆ ಮುಚ್ಚಿದ್ರು." ನಮಗೆ ಬೇಕಾದದ್ದು ಸಿಕ್ಕಿತು. ದೋಷ ಹುಡುಕಲು ಹೋದಾಗ ಅಕ್ಕಪಕ್ಕದವರನ್ನು ಮಾತಾಡಿಸಿ. ಯಂತ್ರ ಎಲ್ಲಿ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವವರು ಅಲ್ಲಿನ ಜನ.

ರಾತ್ರಿ ಮತ್ತೆ ಲೈನ್ ತೆಗೆದುಕೊಂಡು ಕ್ಲೋಷರ್ ಬಿಚ್ಚಿದೆವು. ಜೆಸಿಬಿ ಡಕ್ಟ್ ಎತ್ತಿದಾಗ ಕೇಬಲ್ ಒಂದು ಗೇಣಿನಷ್ಟು ಸರಿದಿತ್ತು. ಕೇಬಲ್ ನಡುವಿನ ಗಟ್ಟಿ ಕಡ್ಡಿಯನ್ನು ಕ್ಲೋಷರ್‌ಗೆ ಬಿಗಿಯುವ ಸ್ಕ್ರೂ ಸಡಿಲವಿತ್ತು. ಅದು ಹಿಡಿದಿದ್ದರೆ ಎಳೆತ ಅಲ್ಲೇ ನಿಲ್ಲುತ್ತಿತ್ತು. ಹಿಡಿಯದೇ ಹೋದ್ದರಿಂದ ನೀಲಿ ಟ್ಯೂಬ್ ಒಳಗಿನವರೆಗೂ ಎಳೆದುಕೊಂಡಿತ್ತು. ಟ್ರೇ ಒಳಗೆ ಕಿತ್ತಳೆ ಬಣ್ಣದ ಫೈಬರ್, ಅಂದರೆ ಎರಡನೆಯದು, ಮುಚ್ಚಳದ ಕೊಂಡಿಗೆ ಸಿಕ್ಕಿಕೊಂಡು ಬಿಗಿದಿತ್ತು. ಟ್ರೇಯಲ್ಲಿ ಸುತ್ತು ಬಳೆಯಷ್ಟು ಅಗಲ ಇರಬೇಕು, ಅದು ಕಾಲುಂಗುರದಷ್ಟಾಗಿತ್ತು. ನೀಲಿ ಫೈಬರ್ ಪಕ್ಕದಲ್ಲೇ ಆರಾಮಾಗಿ ಮಲಗಿತ್ತು. ರಾತ್ರಿ ತಂಪಿಗೆ ಕೇಬಲ್ ಕುಗ್ಗಿ ಎಳೆತ ಜಾಸ್ತಿಯಾಗುತ್ತಿತ್ತು, ಬಿಸಿಲಿಗೆ ಸಡಿಲವಾಗುತ್ತಿತ್ತು. ಚಾನೆಲ್ ಬೆಳಗ್ಗೆ ತಾನಾಗಿ ಏಳುತ್ತಿದ್ದದ್ದು ಹೀಗೆ.

ತುಮಕೂರಿನಲ್ಲಿ ಗೆಳೆಯನೊಬ್ಬ ಓಟಿಡಿಆರನ್ನು 1625ರಲ್ಲಿ ರಿಯಲ್‌ಟೈಮ್‌ಗೆ ಇಟ್ಟು ಫೋನ್‌ನಲ್ಲಿದ್ದ. ನಾನು ಟ್ರೇಯ ಮುಚ್ಚಳ ಎತ್ತಿ, ಕಿತ್ತಳೆ ಎಳೆಯನ್ನು ಬೆರಳ ತುದಿಯಿಂದ ಕೊಂಡಿಯಿಂದ ಬಿಡಿಸಿದೆ. "ಇಳೀತು ಅಣ್ಣ, ಮೆಟ್ಲು ಇಳೀತು! ಕಾಣಿಸ್ತಾನೇ ಇಲ್ಲ!" ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಕಡ್ಡಿ ಬಿಗಿದೆವು, ಟ್ಯೂಬ್‌ಗೆ ಸಡಿಲ ಕೊಟ್ಟೆವು, ಸುತ್ತಿನ ತ್ರಿಜ್ಯ 30 ಮಿಲಿಮೀಟರ್‌ಗಿಂತ ಕಿರಿದಾಗದ ಹಾಗೆ ಮತ್ತೆ ಸುತ್ತಿದೆವು. ಅದೇ ಟ್ರೇಯಲ್ಲಿ ಬೇರೆಯವರ ಫೈಬರ್‌ಗಳೂ ನಡೆಯುತ್ತಿರುತ್ತವೆ, ಅವನ್ನು ಮುಟ್ಟದ ಹಾಗೆ ನೋಡಿಕೊಳ್ಳುವುದೇ ಇಲ್ಲಿ ನಿಜವಾದ ಕಷ್ಟ.

ಮಧ್ಯಾಹ್ನ ಮಾತ್ರ ಬೀಳುವ ಚಾನೆಲ್

ಇದಕ್ಕೆ ಉಲ್ಟಾ ಒಂದು ದೋಷ ಪಾವಗಡದ ಕಡೆ ಒಮ್ಮೆ ಸಿಕ್ಕಿತ್ತು. ಬೇಸಿಗೆ, ಮಧ್ಯಾಹ್ನ ಎರಡಕ್ಕೆ 1531 ಬೀಳುತ್ತದೆ, ಸಂಜೆ ಐದಕ್ಕೆ ಏಳುತ್ತದೆ. ಮಿಕ್ಕ ಏಳೂ ನಿಜವಾಗಿ ಚೆನ್ನಾಗಿದ್ದವು. ಕಳಿಸುವ ಕಡೆ ಟ್ರಾನ್ಸ್‌ಮಿಟ್ ಪವರ್ ಒಂದಿಷ್ಟೂ ಇಳಿದಿರಲಿಲ್ಲ. ಉಷ್ಣತೆ ನೋಡಿದರೆ 78 ಡಿಗ್ರಿ. ಕ್ಯಾಬಿನೆಟ್‌ನ ಫ್ಯಾನ್ ದೂಳು ಕಟ್ಟಿ ನಿಂತಿತ್ತು.

ಆಗಲೇ ಹೇಳಿದ 0.1 ನ್ಯಾನೋಮೀಟರ್ ಲೆಕ್ಕ ಇಲ್ಲಿ ಬರುತ್ತದೆ. 25 ಡಿಗ್ರಿಯಿಂದ 78ಕ್ಕೆ ಏರಿದರೆ ಬಣ್ಣ 5 ನ್ಯಾನೋಮೀಟರ್‌ಗಿಂತ ಜಾಸ್ತಿ ಸರಿಯುತ್ತದೆ. ಮಕ್ಸ್‌ನ ಫಿಲ್ಟರ್ ಬಾಗಿಲು ನಡುವಿನಿಂದ ಆಚೆ ಈಚೆ ಆರೂವರೆಯಷ್ಟೇ ಅಗಲ. ಆ ಲೇಸರ್ ಹುಟ್ಟಿನಿಂದಲೇ ಎರಡು ನ್ಯಾನೋಮೀಟರ್ ಆಚೆ ಇದ್ದರೆ ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ. ಎಸ್‌ಎಫ್‌ಪಿ ತನ್ನ ಪವರ್ ಅಳೆಯುತ್ತದೆ, ತನ್ನ ಬಣ್ಣ ಅಳೆಯುವುದಿಲ್ಲ. ಅದಕ್ಕೇ ಕಳಿಸುವ ಕಡೆ ಎಲ್ಲ ಸರಿ ಕಾಣುತ್ತದೆ. ಫ್ಯಾನ್ ತೊಳೆದು ಹಾಕಿದೆವು. ಸಾಮಾನ್ಯ ಎಸ್‌ಎಫ್‌ಪಿ 70 ಡಿಗ್ರಿಯವರೆಗೆ ಮಾತ್ರ, ಹೊರಗಿನ ಕ್ಯಾಬಿನೆಟ್‌ಗೆ 85ರವರೆಗೆ ತಡೆಯುವ ಇಂಡಸ್ಟ್ರಿಯಲ್ ಎಸ್‌ಎಫ್‌ಪಿಯೇ ಬೇಕು.

ಡಿಡಬ್ಲ್ಯುಡಿಎಂ ಆದರೆ

ಡಿಡಬ್ಲ್ಯುಡಿಎಂ ಅಂದರೆ ಚಾನೆಲ್‌ಗಳನ್ನು ಇನ್ನೂ ಒತ್ತಾಗಿ ಕೂರಿಸುವ ಬಗೆ. ಅಲ್ಲಿ ಚಾನೆಲ್ ನಡುವೆ ಸಾಮಾನ್ಯವಾಗಿ 0.8 ನ್ಯಾನೋಮೀಟರ್, ಇಲ್ಲವೇ ಅದರ ಅರ್ಧ. ಲೇಸರ್‌ಗೆ ತಂಪು ಮಾಡುವ ವ್ಯವಸ್ಥೆ ಇರಲೇಬೇಕು. ಚಾನೆಲ್‌ಗಳೆಲ್ಲ 1550ರ ಹತ್ತಿರವೇ ಒತ್ತಾಗಿ ಕೂತಿರುವುದರಿಂದ ಮೇಲೆ ಹೇಳಿದ ಇಳಿಜಾರು ಅಷ್ಟು ಎದ್ದು ಕಾಣುವುದಿಲ್ಲ. ದಾರಿಯಲ್ಲಿ ಆಂಪ್ಲಿಫೈಯರ್ ಇದ್ದರೆ ಇನ್ನೊಂದು ವಿಷಯ ನೋಡಿ. ಅದರ ಒಟ್ಟು ಔಟ್‌ಪುಟ್ ಸ್ಥಿರವಾಗಿ ಇಟ್ಟಿದ್ದರೆ, ಒಂದಿಷ್ಟು ಚಾನೆಲ್ ಬಿದ್ದಾಗ ಅವುಗಳ ಪಾಲು ಉಳಿದವಕ್ಕೆ ಹೋಗಿ ಅವು ಏರುತ್ತವೆ. ಪವರ್ ಏರಿದ ಚಾನೆಲ್‌ನಲ್ಲಿ ಎರರ್ ಬಂದರೆ ಆ ಚಾನೆಲ್ಲನ್ನೇ ಬೈಯಬೇಡಿ, ಬಿದ್ದವು ಯಾವು ಅಂತ ಹುಡುಕಿ.

ಹದಿನಾಲ್ಕನೇ ಜಾಯಿಂಟ್ ಮುಚ್ಚುವಾಗ ಮೂರೂಕಾಲು ಗಂಟೆ. ಮಧುಗಿರಿಯ ಹುಡುಗ ಎಂಟೂ ಅಂಕಿ ಮತ್ತೆ ಓದಿದ. 1471 ಮೈನಸ್ 15.9. 1591 ಮೈನಸ್ 16.2. 1611 ಮೈನಸ್ 16.3. ಅಷ್ಟನ್ನೂ ತಾರೀಖಿನ ಜೊತೆ ಪುಸ್ತಕದಲ್ಲಿ ಬರೆದೆ, 1611ರ ಮುಂದೆ "ಹೊಸ ಎಸ್‌ಎಫ್‌ಪಿ" ಅಂತ ಸೇರಿಸಿದೆ. ಚೇಂಬರಿನ ಮೇಲೆ ಕಲ್ಲು ನೆಟ್ಟು, ಕೇಬಲ್ ಇದೆ ಅಂತ ಕೆಂಪು ಬಣ್ಣದಲ್ಲಿ ಬರೆಸಿದ್ದು ಮಾರನೇ ದಿನ. ಯಜಮಾನರೇ ಕಲ್ಲು ಕೊಟ್ಟರು.